ಮತಪತ್ರದಲ್ಲಿ ನ್ಯಾಯಾಧೀಶನ ಹೆಸರು



2022ರ ನವೆಂಬರ್ 8ರಂದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಚುನಾವಣೆ ನಡೆಯಿತು. ಹ್ಯೂಸ್ಟನ್ ಮಹಾನಗರದ ನೈಋತ್ಯಕ್ಕೆ ಹಬ್ಬಿಕೊಂಡಿರುವ ಫೋರ್ಟ್ ಬೆಂಡ್ ಕೌಂಟಿಯ ಮತದಾರರು ಅಂದು ರಾಜ್ಯದ ಗವರ್ನರನಿಂದ ಹಿಡಿದು ಸ್ಥಳೀಯ ಅಧಿಕಾರಿಗಳವರೆಗೆ ಹಲವರನ್ನು ಆರಿಸಬೇಕಿತ್ತು. ಅದೇ ಮತಪತ್ರದಲ್ಲಿ ನ್ಯಾಯಾಧೀಶರ ಹೆಸರುಗಳೂ ಇದ್ದವು. 240ನೇ ಜಿಲ್ಲಾ ನ್ಯಾಯಾಲಯದ ಸ್ಥಾನಕ್ಕೆ ಗೆದ್ದವರು ಸುರೇಂದ್ರನ್ ಕೆ. ಪಟ್ಟೇಲ್. ಕಾಸರಗೋಡು ಜಿಲ್ಲೆಯ ಬಳಾಲ್ ಎಂಬ ಹಳ್ಳಿಯವರು. ಎಳೆಯ ವಯಸ್ಸಿನಲ್ಲಿ ಅಕ್ಕನ ಜೊತೆ ಕೂತು ಬೀಡಿ ಕಟ್ಟಿದವರು. 2023ರ ಜನವರಿಯಲ್ಲಿ ಅವರು ಪ್ರಮಾಣವಚನ ಸ್ವೀಕರಿಸಿದಾಗ ನಮ್ಮ ದೇಶದ ಪತ್ರಿಕೆಗಳೆಲ್ಲ ಆ ಸುದ್ದಿಯನ್ನು ಹೆಮ್ಮೆಯಿಂದ ಬರೆದವು. ಬೀಡಿ ಕಟ್ಟುತ್ತಿದ್ದ ಹುಡುಗ ಅಮೆರಿಕದಲ್ಲಿ ಜಡ್ಜ್ ಆದ ಎಂಬಲ್ಲಿಗೆ ಹೆಚ್ಚಿನ ವರದಿಗಳು ನಿಂತುಬಿಟ್ಟವು.

ನಾನು ಅಲ್ಲಿಂದ ಮುಂದಕ್ಕೆ ಹೋಗಬೇಕೆಂದಿದ್ದೇನೆ. ಒಂದು ಕೌಂಟಿಯ ಜನ, ಕಾನೂನು ಓದದ ಸಾಮಾನ್ಯ ಜನ, ತಮ್ಮ ನ್ಯಾಯಾಧೀಶ ಯಾರಾಗಬೇಕೆಂದು ತಾವೇ ತೀರ್ಮಾನಿಸಬೇಕಾದಾಗ ಅವರು ಅಭ್ಯರ್ಥಿಯಲ್ಲಿ ಏನನ್ನು ನೋಡಬೇಕು? ಅವನ ಓದನ್ನೇ? ವಕೀಲಿಯ ವರ್ಷಗಳನ್ನೇ? ಊರಿಗೆ ಅವನು ಮಾಡಿದ ಸೇವೆಯನ್ನೇ? ಈ ಪ್ರಶ್ನೆ ನಮಗೆ ದೂರದ್ದಲ್ಲ. ನಮ್ಮಲ್ಲಿ ನ್ಯಾಯಾಧೀಶರಿಗೆ ಮತ ಹಾಕುವ ಪದ್ಧತಿ ಇಲ್ಲ, ಇರಲೂ ಬಾರದು ಎಂಬುದು ನನ್ನ ಖಚಿತ ನಿಲುವು. ಆದರೆ ಮತ ಹಾಕುವವರು ಕೇಳಬೇಕಾದ ಪ್ರಶ್ನೆಗಳನ್ನು ಮತ ಇಲ್ಲದ ನಾವೂ ಕೇಳಬಹುದು. ಕೇಳದೆ ಇದ್ದದ್ದರಿಂದ ನಮಗೆ ನಷ್ಟವಾಗಿದೆ.

ಮೊದಲು ಪಟ್ಟೇಲರ ಬದುಕನ್ನು ಸ್ವಲ್ಪ ನೋಡೋಣ. ತಂದೆ ತಾಯಿ ದಿನಗೂಲಿ ಮಾಡುತ್ತಿದ್ದವರು. ಹತ್ತನೇ ತರಗತಿ ಮುಗಿದ ಮೇಲೆ ಮುಂದೆ ಓದಿಸುವ ಶಕ್ತಿ ಮನೆಗಿರಲಿಲ್ಲ. ಹುಡುಗ ಶಾಲೆ ಬಿಟ್ಟು ಬೀಡಿಯನ್ನೇ ದಿನದ ಕೆಲಸ ಮಾಡಿಕೊಂಡ. ಮಂಗಳೂರು, ಬಂಟ್ವಾಳ, ಪುತ್ತೂರಿನ ಕಡೆಯ ನಿಮಗೆ ಈ ಕೆಲಸವನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊರದಲ್ಲಿ ಕತ್ತರಿಸಿದ ತೆಂಡು ಎಲೆ, ಹದವಾಗಿ ಹಾಕಿದ ಹೊಗೆಸೊಪ್ಪು, ಸುರುಳಿ ಸುತ್ತಿ ನೂಲು ಕಟ್ಟಿ, ಸಾವಿರದ ಲೆಕ್ಕದಲ್ಲಿ ಕೂಲಿ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು ತಾಯಂದಿರ ಈ ಮೊರದಿಂದಲೇ ಎದ್ದು ಬಂದಿದೆ.

ಈ ಬೀಡಿಗೂ ಕಾನೂನಿಗೂ ಒಂದು ಹಳೆಯ ನಂಟಿದೆ. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಮಾಡಿತು. ಕೇರಳ ಸರ್ಕಾರ ಅದನ್ನು 1968ರಲ್ಲಿ ಜಾರಿಗೆ ತಂದಾಗ, ಮಂಗಳೂರು ಕಡೆಯ ದೊಡ್ಡ ಬೀಡಿ ಕಂಪನಿಗಳು ಕಣ್ಣೂರು ಸೀಮೆಯ ತಮ್ಮ ಕಾರ್ಖಾನೆಗಳ ಬಾಗಿಲು ಹಾಕಿದವು. ಸಾವಿರಾರು ಜನರ ಕೆಲಸ ಹೋಯಿತು. ಆ ಕಾರ್ಮಿಕರೇ ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಕಣ್ಣೂರು, ಕಾಸರಗೋಡು ಕಡೆಯ ಬೀಡಿ ಚಾವಡಿಗಳಲ್ಲಿ ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೈ ನಿಲ್ಲಿಸದೆ ಕೇಳುವುದು, ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ರೂಢಿಯಾಗಿತ್ತು. ಹಕ್ಕು ಎಂಬುದು ಅಲ್ಲಿನ ಜನಕ್ಕೆ ಪುಸ್ತಕದಿಂದ ತಿಳಿದದ್ದಲ್ಲ. ಒಂದು ಕಾಯಿದೆ ಬಂದರೆ ಕೂಲಿ ಏರುತ್ತದೆ, ಅದೇ ಕಾಯಿದೆ ಬಂದರೆ ಮಾಲೀಕ ಬಾಗಿಲು ಹಾಕಿಕೊಂಡು ಹೋಗಲೂಬಹುದು ಎಂಬ ಎರಡೂ ಪಾಠವನ್ನು ಅವರು ಒಂದೇ ವರ್ಷದಲ್ಲಿ ಕಲಿತಿದ್ದರು. ಅಂಥ ನೆಲದಲ್ಲಿ ಬೆಳೆದ ಹುಡುಗನಿಗೆ ವಕೀಲನಾಗುವ ಆಸೆ ಹುಟ್ಟಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ಸ್ವಲ್ಪ ಕಾಲದ ಮೇಲೆ ಹುಡುಗ ಮತ್ತೆ ಓದಿಗೆ ಮರಳಿದ. ಎಳೇರಿತ್ತಟ್ಟಿನ ಸರ್ಕಾರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ. ಬೀಡಿಯ ಕೆಲಸ ಬಿಡುವಂತಿರಲಿಲ್ಲವಾಗಿ ಹಾಜರಿ ಸಾಲದೆ ಬಂತು. ಪರೀಕ್ಷೆಗೆ ಕೂರಿಸಲು ಹಿಂಜರಿದ ಅಧ್ಯಾಪಕರಲ್ಲಿ ಬೇಡಿಕೊಂಡು ಅವಕಾಶ ಪಡೆದು, ತರಗತಿಗೇ ಮೊದಲಿಗನಾದ. ಅಲ್ಲಿಂದ ಕೋಳಿಕ್ಕೋಡಿನ ಸರ್ಕಾರಿ ಕಾನೂನು ಕಾಲೇಜು. ಗೆಳೆಯರ ನೆರವಿನಿಂದ ಸೇರಿದ್ದು, ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತ ಮುಗಿಸಿದ್ದು. 1995ರಲ್ಲಿ ಎಲ್‌ಎಲ್‌ಬಿ ಪದವಿ. 1996ರಲ್ಲಿ ಹೊಸದುರ್ಗದಲ್ಲಿ ಹಿರಿಯ ವಕೀಲರೊಬ್ಬರ ಬಳಿ ವಕೀಲಿ ಆರಂಭ.

ಹೊಸದುರ್ಗ ಎಂದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತದೆ. ಕಾಞಂಗಾಡಿನ ಪಕ್ಕದ ಆ ಊರಿನ ಹೆಸರೇ ಕನ್ನಡದ್ದು. ಅಲ್ಲಿನ ಕೋಟೆ ಕೆಳದಿಯ ಅರಸರದ್ದು. 1956ರ ನವೆಂಬರ್ 1ರವರೆಗೆ ಆ ಸೀಮೆಯೆಲ್ಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಪಟ್ಟೇಲರು ಮಲಯಾಳಿ, ಅವರ ಹಳ್ಳಿಯೂ ಮಲಯಾಳದ್ದೇ. ಅವರನ್ನು ಕನ್ನಡಿಗರೆಂದು ಎಳೆದುಕೊಳ್ಳುವ ಆಸೆ ನನಗಿಲ್ಲ. ಒಂದೇ ಬಗೆಯ ನೆಲ, ಒಂದೇ ಬಗೆಯ ಬೀಡಿ ಮೊರ, ಒಂದೇ ಬಗೆಯ ಮುನ್ಸಿಫ್ ಕೋರ್ಟು ಎಂಬ ನೆರೆಹೊರೆಯ ಸಲುಗೆ ಮಾತ್ರ.

ಮುಂದೆ ದೆಹಲಿಗೆ ಹೋಗಿ ಸುಪ್ರೀಂ ಕೋರ್ಟಿನಲ್ಲಿ ವಕೀಲಿ. ಪತ್ನಿ ನರ್ಸ್; ಅವರಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದಾಗ 2007ರಲ್ಲಿ ಕುಟುಂಬ ಹ್ಯೂಸ್ಟನ್‌ಗೆ ಹೋಯಿತು. ಸುಪ್ರೀಂ ಕೋರ್ಟಿನ ವಕೀಲ ಅಲ್ಲಿ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಟೆಕ್ಸಾಸ್‌ನ ಬಾರ್ ಪರೀಕ್ಷೆ ಬರೆದು ಪಾಸಾದರು. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ ಮಾಡಿ 2011ರಲ್ಲಿ ಪದವಿ ಪಡೆದರು, ಕರಾರಿನ ಮೇಲೆ ಕೇಸುಗಳನ್ನು ತೆಗೆದುಕೊಂಡು ನಡೆಸುತ್ತ ಸ್ವಂತ ವಕೀಲಿ ಕಟ್ಟಿದರು, 2017ರಲ್ಲಿ ಅಮೆರಿಕದ ಪೌರರಾದರು. ಐದೇ ವರ್ಷದ ಮೇಲೆ ತಮ್ಮದೇ ಪಕ್ಷದ ಹಾಲಿ ನ್ಯಾಯಾಧೀಶರನ್ನು ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸಿ, ಆಮೇಲೆ ಎದುರು ಪಕ್ಷದ ಅಭ್ಯರ್ಥಿಯನ್ನೂ ಸೋಲಿಸಿದರು.

ಈಗ ಮತದಾರನ ಜಾಗದಲ್ಲಿ ನಿಂತು ನೋಡಿ. ಆ ಹುದ್ದೆಗೆ 2022ರಲ್ಲಿ ಕಾಯಿದೆ ಕೇಳುತ್ತಿದ್ದ ಅರ್ಹತೆ ತೀರ ಕಡಿಮೆ. ಪೌರತ್ವ, ಆ ಜಿಲ್ಲೆಯಲ್ಲಿ ಎರಡು ವರ್ಷದ ವಾಸ, ಟೆಕ್ಸಾಸ್‌ನ ವಕೀಲಿ ಪರವಾನಗಿ, ವಕೀಲನಾಗಿಯೋ ನ್ಯಾಯಾಧೀಶನಾಗಿಯೋ ನಾಲ್ಕು ವರ್ಷದ ಅನುಭವ. ಇಷ್ಟೇ ಇತ್ತು. ಇದು ಸಾಲದೆಂದು 2021ರ ನವೆಂಬರಿನಲ್ಲಿ ಜನಮತದ ಮೂಲಕ ರಾಜ್ಯದ ಸಂವಿಧಾನವನ್ನೇ ತಿದ್ದಿ, 2025ರ ಜನವರಿಯಿಂದ ಮುಂದೆ ಶುರುವಾಗುವ ಅವಧಿಗೆ ಮೊದಲ ಬಾರಿ ಆಯ್ಕೆಯಾಗುವ ಜಿಲ್ಲಾ ನ್ಯಾಯಾಧೀಶರಿಗೆ ಅನುಭವದ ಮಿತಿಯನ್ನು ಎಂಟು ವರ್ಷಕ್ಕೆ ಏರಿಸಿದರು. ಹುದ್ದೆಯ ಭಾರವಾದರೋ ಸಣ್ಣದಲ್ಲ. ಗಂಭೀರ ಅಪರಾಧಗಳು, ಭೂಮಿಯ ಹಕ್ಕು, ವಿಚ್ಛೇದನ, ಚುನಾವಣಾ ತಕರಾರು, ಎಲ್ಲವೂ ಟೆಕ್ಸಾಸ್‌ನ ಜಿಲ್ಲಾ ನ್ಯಾಯಾಲಯಗಳ ವ್ಯಾಪ್ತಿಯವು. ಮರಣದಂಡನೆಯ ಮೊಕದ್ದಮೆಗಳು ನಡೆಯುವುದೂ ಅಲ್ಲೇ. ಅವಧಿ ನಾಲ್ಕು ವರ್ಷ. ಆಮೇಲೆ ಮತ್ತೆ ಜನರ ಮುಂದೆ ಹೋಗಬೇಕು.

ಅಮೆರಿಕದಲ್ಲಿ ಈ ಪದ್ಧತಿ ಹೇಗೆ ಬಂತೆಂದರೆ, ಗವರ್ನರರು ತಮಗೆ ಬೇಕಾದವರನ್ನು ಪೀಠಕ್ಕೆ ತುಂಬುತ್ತಿದ್ದಾರೆಂಬ ಸಿಟ್ಟಿನಿಂದ. 1832ರಲ್ಲಿ ಮಿಸಿಸಿಪ್ಪಿ ತನ್ನ ಎಲ್ಲ ನ್ಯಾಯಾಧೀಶರನ್ನೂ ಚುನಾಯಿಸುವ ಮೊದಲ ರಾಜ್ಯವಾಯಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು. ಟೆಕ್ಸಾಸ್ 1850ರಲ್ಲಿ ಅದನ್ನು ಒಪ್ಪಿಕೊಂಡಿತು, ಇಂದಿಗೂ ಪಕ್ಷದ ಗುರುತಿನ ಮೇಲೆಯೇ ನ್ಯಾಯಾಧೀಶರನ್ನು ಆರಿಸುತ್ತದೆ. ಮಿಸೌರಿ ರಾಜ್ಯ ಮಾತ್ರ 1940ರಲ್ಲಿ ಬೇರೆ ದಾರಿ ಹಾಕಿಕೊಟ್ಟಿತು: ಸಮಿತಿಯೊಂದು ಹೆಸರುಗಳನ್ನು ಸೂಚಿಸುವುದು, ಗವರ್ನರ್ ಅವರಲ್ಲಿ ಒಬ್ಬರನ್ನು ನೇಮಿಸುವುದು, ಕೆಲಕಾಲದ ಮೇಲೆ ಇವರು ಮುಂದುವರಿಯಲೇ ಬೇಡವೇ ಎಂದು ಜನ ಹೇಳುವುದು.

ಟೆಕ್ಸಾಸ್‌ನ ಮತದಾರನ ಕಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ ಒಂದೇ ಚುನಾವಣೆಯಲ್ಲಿ ಹತ್ತಾರು ನ್ಯಾಯಾಧೀಶ ಸ್ಥಾನಗಳಿಗೆ ಮತ ಹಾಕಬೇಕು. ಅಷ್ಟೂ ಅಭ್ಯರ್ಥಿಗಳ ವಿವರ ತಿಳಿದ ಮತದಾರ ಎಲ್ಲಿದ್ದಾನೆ? 2018ರಲ್ಲಿ ಒಂದೇ ಗುಂಡಿ ಒತ್ತಿ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಕೊಡುವ ಸೌಲಭ್ಯ ಇನ್ನೂ ಇತ್ತು. ಆ ವರ್ಷ ಹ್ಯಾರಿಸ್ ಕೌಂಟಿಯಲ್ಲಿ ಡೆಮಾಕ್ರಟಿಕ್ ಪಕ್ಷ ನ್ಯಾಯಾಧೀಶ ಸ್ಥಾನಗಳನ್ನೆಲ್ಲ ಗುಡಿಸಿಕೊಂಡಿತು. ಗೆದ್ದವರಲ್ಲಿ 17 ಮಂದಿ ಕಪ್ಪು ಮಹಿಳೆಯರು. ಅಂಥ ಪೀಠವನ್ನು ಆ ಕೌಂಟಿ ಹಿಂದೆಂದೂ ಕಂಡಿರಲಿಲ್ಲ. ಆರೋಪಿಯ ಕಟ್ಟೆಯಲ್ಲಿ ನಿಂತವರಲ್ಲಿ ಎಷ್ಟೋ ಜನ ತಮ್ಮಂಥ ಮುಖವನ್ನು ಮೊದಲ ಬಾರಿ ಪೀಠದ ಮೇಲೆ ಕಂಡರು. ಅದನ್ನು ನಾನು ದೊಡ್ಡ ಗಳಿಕೆಯೆಂದೇ ಎಣಿಸುತ್ತೇನೆ. ಅದೇ ಅಲೆಯಲ್ಲಿ ಒಳ್ಳೆಯ ಹೆಸರಿದ್ದ ಅನುಭವಿ ನ್ಯಾಯಾಧೀಶರೂ ಎದುರು ಪಕ್ಷದವರೆಂಬ ಒಂದೇ ಕಾರಣಕ್ಕೆ ಮನೆಗೆ ಹೋದರು. 2020ರಿಂದ ಆ ಒಂದೇ ಗುಂಡಿಯ ಮತ ರದ್ದಾಯಿತು.

ಈ ಪದ್ಧತಿಯನ್ನು ಬದಲಿಸಿ ಎಂದು ಗಟ್ಟಿಯಾಗಿ ಕೇಳಿದವರಲ್ಲಿ ವಾಲೇಸ್ ಜೆಫರ್ಸನ್ ಒಬ್ಬರು. ಟೆಕ್ಸಾಸ್ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ಮುಖ್ಯ ನ್ಯಾಯಮೂರ್ತಿ, 2004ರಿಂದ 2013ರವರೆಗೆ ಆ ಸ್ಥಾನದಲ್ಲಿದ್ದವರು. ಅವರ ಪೂರ್ವಜರೊಬ್ಬರು ಗುಲಾಮರಾಗಿದ್ದರು, ಅದೂ ಟೆಕ್ಸಾಸ್‌ನ ಒಬ್ಬ ನ್ಯಾಯಾಧೀಶನ ಗುಲಾಮರಾಗಿ. ಆ ವಂಶದಲ್ಲಿ ಹುಟ್ಟಿ, ಚುನಾವಣೆಯಲ್ಲಿ ಗೆದ್ದು ಬಂದವರೇ ಪಕ್ಷದ ಚಿಹ್ನೆಯ ಮೇಲೆ ನ್ಯಾಯಾಧೀಶರನ್ನು ಆರಿಸುವುದು ನ್ಯಾಯಕ್ಕೆ ಹಿತವಲ್ಲ ಎಂದಾಗ ಆ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಹಣದ ವಿಷಯ ಇದಕ್ಕಿಂತ ಕಠಿಣ. ಪ್ರಚಾರಕ್ಕೆ ಹಣ ಬೇಕು. ಜಿಲ್ಲಾ ನ್ಯಾಯಾಧೀಶನ ಚುನಾವಣೆಯಲ್ಲಿ ಯಾರಿಗೆ ಆಸಕ್ತಿ? ಮುಖ್ಯವಾಗಿ ಅವನ ಮುಂದೆ ನಾಳೆ ವಾದಿಸಲಿರುವ ವಕೀಲರಿಗೆ. ಅವರಿಂದಲೇ ದೇಣಿಗೆ. 1995ರಲ್ಲಿ ಟೆಕ್ಸಾಸ್ ಇಂಥ ದೇಣಿಗೆಗಳಿಗೆ ಕಾಯಿದೆಯಿಂದ ಮಿತಿ ಹಾಕಿತಾದರೂ ಮುಜುಗರ ಉಳಿದೇ ಇದೆ. ಈ ಮುಜುಗರ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಪಶ್ಚಿಮ ವರ್ಜೀನಿಯಾದ ಕೇಪರ್ಟನ್ ಪ್ರಕರಣ ಸಾಕ್ಷಿ. 2002ರಲ್ಲಿ ಜ್ಯೂರಿಯೊಂದು ಮ್ಯಾಸಿ ಎಂಬ ಕಲ್ಲಿದ್ದಲು ಕಂಪನಿಯು ಕೇಪರ್ಟನ್ ಕಡೆಯವರಿಗೆ 5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಮೇಲ್ಮನವಿ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಗುವುದಿತ್ತು. ಅಷ್ಟರಲ್ಲಿ 2004ರ ಚುನಾವಣೆ ಬಂತು. ಕಂಪನಿಯ ಮುಖ್ಯಸ್ಥ ಒಬ್ಬ ಅಭ್ಯರ್ಥಿಯ ಗೆಲುವಿಗಾಗಿ ಸುಮಾರು 30 ಲಕ್ಷ ಡಾಲರ್ ಸುರಿದ. ಆ ಅಭ್ಯರ್ಥಿ ಗೆದ್ದರು. ಮೇಲ್ಮನವಿ ಬಂದಾಗ ಪೀಠದಿಂದ ಹಿಂದೆ ಸರಿಯಲು ಒಪ್ಪಲಿಲ್ಲ. ಕಂಪನಿ ಮೂರು ಎರಡರ ಬಹುಮತದಲ್ಲಿ ಗೆದ್ದಿತು, ಆ ಮೂವರಲ್ಲಿ ಅವರೂ ಒಬ್ಬರು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು ನಾಲ್ಕರ ಬಹುಮತದಲ್ಲಿ, ಅವರು ಹಿಂದೆ ಸರಿಯಲೇಬೇಕಿತ್ತೆಂದು ಹೇಳಿತು. ನಾಲ್ವರು ಆಗಲೂ ಒಪ್ಪಲಿಲ್ಲ ಎಂಬುದನ್ನು ನೆನಪಿಡಬೇಕು.

ಇನ್ನೊಂದು ಪ್ರಕರಣ ತೀರ ಸ್ಥಳೀಯ ಮಟ್ಟದ್ದು. ಫ್ಲಾರಿಡಾದ ಹಿಲ್ಸ್‌ಬರೊ ಕೌಂಟಿಯಲ್ಲಿ ನ್ಯಾಯಾಧೀಶ ಸ್ಥಾನಕ್ಕೆ ನಿಂತ ಮಹಿಳೆಯೊಬ್ಬರು ತಮ್ಮದೇ ಸಹಿ ಹಾಕಿ ದೇಣಿಗೆ ಕೇಳುವ ಪತ್ರ ಕಳಿಸಿದರು. ಅಭ್ಯರ್ಥಿ ಸ್ವತಃ ಕೈಚಾಚಬಾರದೆಂಬ ನಿಯಮ ಅಲ್ಲಿತ್ತು. ಬಾರ್ ಶಿಸ್ತುಕ್ರಮ ಕೈಗೊಂಡಿತು. ವಾಕ್ ಸ್ವಾತಂತ್ರ್ಯದ ಪ್ರಶ್ನೆಯಾಗಿ ಅದು ಸುಪ್ರೀಂ ಕೋರ್ಟ್ ಮುಟ್ಟಿತು. 2015ರಲ್ಲಿ ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು. ಮತ ಕೇಳಿ ಬಂದರೂ ನ್ಯಾಯಾಧೀಶ ರಾಜಕಾರಣಿಯಂತಲ್ಲ, ಕೇಳುವ ಕೈಯೇ ತೀರ್ಪು ಬರೆಯುವ ಕೈ ಎಂಬುದನ್ನು ಜನ ಮರೆಯಲಾರರು ಎಂಬ ವಿವೇಕ ಆ ತೀರ್ಪಿನಲ್ಲಿದೆ. ನನಗೆ ಅದು ಸರಿಯಾದ ತೀರ್ಪೆನಿಸುತ್ತದೆ.

ಇಲ್ಲಿಂದ ನಾನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಶಾಸಕ ಸ್ಥಾನದ ಅಭ್ಯರ್ಥಿ ರಸ್ತೆ ಮಾಡಿಸುತ್ತೇನೆ, ತೆರಿಗೆ ಇಳಿಸುತ್ತೇನೆ ಎಂದು ಮಾತು ಕೊಡಬಹುದು. ನ್ಯಾಯಾಧೀಶ ಸ್ಥಾನದ ಅಭ್ಯರ್ಥಿ ಇಂಥ ಕೇಸಿನಲ್ಲಿ ಇಂಥ ತೀರ್ಪು ಕೊಡುತ್ತೇನೆಂದು ಹೇಳುವಂತಿಲ್ಲ. ಟೆಕ್ಸಾಸ್‌ನ ನ್ಯಾಯಾಂಗ ನೀತಿಸಂಹಿತೆ ಅದನ್ನು ನೇರವಾಗಿ ನಿಷೇಧಿಸಿದೆ. ಹಾಗಾದರೆ ಅವನು ಜನರೆದುರು ಏನು ಹೇಳಬೇಕು? ಉಳಿಯುವುದು ಅವನ ಬದುಕೊಂದೇ. ಎಲ್ಲಿ ಓದಿದೆ, ಎಷ್ಟು ವರ್ಷ ವಕೀಲಿ ಮಾಡಿದೆ, ಎಷ್ಟು ಕೇಸು ನಡೆಸಿದೆ, ಊರಿನ ಯಾವ ಕೆಲಸಕ್ಕೆ ಹೆಗಲು ಕೊಟ್ಟೆ. ಬೇರೆಯವರಿಗೆ ಪ್ರಣಾಳಿಕೆ ಇದ್ದರೆ ಈತನಿಗೆ ಜೀವನಚರಿತ್ರೆಯೇ ಪ್ರಣಾಳಿಕೆ. ಆದ್ದರಿಂದಲೇ ಅಂಥ ಅಭ್ಯರ್ಥಿಗಳ ಕರಪತ್ರಗಳಲ್ಲಿ ಅರ್ಹತೆ ಮತ್ತು ಸಮಾಜಸೇವೆ ಎಂಬ ಎರಡು ತಲೆಬರಹಗಳು ಮತ್ತೆಮತ್ತೆ ಕಾಣುತ್ತವೆ. ಅವು ಬರಿಯ ಅಲಂಕಾರವಲ್ಲ. ಮತದಾರನ ಕೈಗೆ ಸಿಗುವ ಸಾಕ್ಷ್ಯ ಅಷ್ಟೇ. ಸಾಕ್ಷ್ಯವೆಂದ ಮೇಲೆ ಅದನ್ನು ಪಾಟೀಸವಾಲಿಗೆ ಒಡ್ಡಬೇಕು.

ಅರ್ಹತೆಯ ಮಾತನ್ನು ಬೇಗ ಮುಗಿಸಬಹುದು. ಪದವಿ ಇದ್ದರಾಯಿತು, ಯಾವ ವಿಶ್ವವಿದ್ಯಾಲಯ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ವಕೀಲಿಯ ವರ್ಷಗಳ ಸಂಖ್ಯೆಗೂ ಅಷ್ಟೇ. ಹತ್ತು ವರ್ಷ ಒಂದೇ ಬಗೆಯ ಕಾಗದ ಪತ್ರ ಸಹಿ ಮಾಡಿದವನಿಗಿಂತ ಐದು ವರ್ಷ ಸಾಕ್ಷಿಗಳನ್ನು ಎದುರಿಸಿ ವಿಚಾರಣೆ ನಡೆಸಿದವನು ವಿಚಾರಣಾ ನ್ಯಾಯಾಲಯಕ್ಕೆ ಹೆಚ್ಚು ತಕ್ಕವನು. ಎದುರು ಪಕ್ಷದ ವಕೀಲ ಅವನ ಬಗ್ಗೆ ಏನು ಹೇಳುತ್ತಾನೆ ಎಂಬುದು ಅವನ ಕಕ್ಷಿದಾರ ಹೇಳುವುದಕ್ಕಿಂತ ದೊಡ್ಡ ಪ್ರಮಾಣಪತ್ರ. ಹ್ಯೂಸ್ಟನ್ ಬಾರ್ ಅಸೋಸಿಯೇಷನ್ ನ್ಯಾಯಾಧೀಶರ ಕುರಿತು ವಕೀಲರ ಅಭಿಪ್ರಾಯ ಸಂಗ್ರಹಿಸಿ ಪ್ರಕಟಿಸುತ್ತದೆ. ಅದರಲ್ಲಿ ವಕೀಲರ ಸ್ವಾರ್ಥವೂ ಸೇರಿರಬಹುದು. ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ಸಮಾಜಸೇವೆಯ ಮಾತು ಸೂಕ್ಷ್ಮ. ಸೇವೆಯಲ್ಲಿ ಎರಡು ಬಗೆ. ಒಂದು, ಮಾಡಿದವನಿಗೆ ಹೆಸರು, ಪರಿಚಯ, ಮತ ತಂದುಕೊಡುವಂಥದ್ದು: ಸಂಘದ ಅಧ್ಯಕ್ಷತೆ, ಉತ್ಸವ ಸಮಿತಿ, ಸನ್ಮಾನದ ವೇದಿಕೆ. ಇನ್ನೊಂದು, ತಿರುಗಿ ಏನೂ ಕೊಡಲಾರದವರಿಗೆ ಮಾಡುವಂಥದ್ದು: ಬಾಡಿಗೆ ಕಟ್ಟಲಾರದೆ ಬೀದಿಗೆ ಬೀಳಲಿರುವ ಕುಟುಂಬದ ಪರ ಫೀಸಿಲ್ಲದೆ ವಾದ, ಭಾಷೆ ಬಾರದ ವಲಸೆಗಾರನ ಜೊತೆ ಠಾಣೆಗೆ ಹೋಗಿ ನಿಲ್ಲುವುದು. ಟೆಕ್ಸಾಸ್‌ನ ರಾಜ್ಯ ಬಾರ್ ತನ್ನ ಪ್ರತಿ ವಕೀಲನೂ ವರ್ಷಕ್ಕೆ 50 ಗಂಟೆ ಬಡವರಿಗಾಗಿ ದುಡಿಯಲೆಂದು ಆಶಿಸುತ್ತದೆ, ಕಡ್ಡಾಯವಿಲ್ಲ. ಕಡ್ಡಾಯವಿಲ್ಲದ್ದರಿಂದಲೇ ಆ 50 ಗಂಟೆಗಳ ಲೆಕ್ಕ ಕೇಳುವುದು ಒಳ್ಳೆಯ ಪ್ರಶ್ನೆ. ಮೊದಲ ಬಗೆಯ ಸೇವೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಅದು ಋಣಗಳನ್ನೂ ಬೆಳೆಸುತ್ತದೆ. ಸಂಘದಲ್ಲಿ ಜೊತೆಗೆ ದುಡಿದವನು ನಾಳೆ ಕಕ್ಷಿದಾರನಾಗಿ ಬಂದಾಗ ಆ ಋಣ ಪೀಠದ ಮುಂದೆ ನಿಲ್ಲುತ್ತದೆ. ಎರಡನೆಯ ಬಗೆಯದು ಋಣ ಬೆಳೆಸುವುದಿಲ್ಲ, ಕಣ್ಣು ತೆರೆಸುತ್ತದೆ.

ಇಲ್ಲಿ ಕರ್ನಾಟಕದವರು ಅಭಿಮಾನಪಡಬೇಕಾದ ಒಂದು ದಾಖಲೆಯನ್ನು ನೆನಪಿಸುತ್ತೇನೆ. 2001ರ ಫೆಬ್ರವರಿಯಲ್ಲಿ ಹಲವು ದೇಶಗಳ ಹಿರಿಯ ನ್ಯಾಯಮೂರ್ತಿಗಳು ಬೆಂಗಳೂರಿನಲ್ಲಿ ಕೂತು ನ್ಯಾಯಾಧೀಶರ ನಡತೆಯ ಕರಡೊಂದನ್ನು ಸಿದ್ಧಪಡಿಸಿದರು. 2002ರ ನವೆಂಬರಿನಲ್ಲಿ ಅದು ಹೇಗ್ ನಗರದಲ್ಲಿ ಪರಿಷ್ಕಾರಗೊಂಡಿತು. 2006ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಸಾಮಾಜಿಕ ಮಂಡಳಿ ಅದನ್ನು ಎತ್ತಿ ಹಿಡಿಯಿತು. ಇಂದು ಜಗತ್ತಿನಾದ್ಯಂತ ಅದಕ್ಕೆ ಬೆಂಗಳೂರು ತತ್ತ್ವಗಳೆಂದೇ ಹೆಸರು. ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ಸಾಮರ್ಥ್ಯ ಮತ್ತು ಶ್ರದ್ಧೆ ಎಂಬ ಆರು ಮೌಲ್ಯಗಳ ಮೇಲೆ ಅದು ನಿಂತಿದೆ. ನ್ಯಾಯಾಧೀಶ ಸಮಾಜದಿಂದ ದೂರ ಸರಿದು ಬದುಕಬೇಕೆಂದು ಆ ತತ್ತ್ವಗಳು ಹೇಳುವುದಿಲ್ಲ. ಹುದ್ದೆಯ ಘನತೆಗೂ ನಿಷ್ಪಕ್ಷಪಾತಕ್ಕೂ ಧಕ್ಕೆ ಬಾರದಷ್ಟರಲ್ಲಿ ಇತರ ಚಟುವಟಿಕೆಗೆ ಎಡೆ ಕೊಡುತ್ತವೆ. ಟೆಕ್ಸಾಸ್‌ನ ಸಂಹಿತೆಯೂ ಹಾಗೆಯೇ. ನ್ಯಾಯಾಧೀಶ ಸೇವಾಸಂಸ್ಥೆಯಲ್ಲಿರಬಹುದು, ಅದಕ್ಕಾಗಿ ಚಂದಾ ಎತ್ತುವಂತಿಲ್ಲ.

ಮತ್ತೆ ಫೋರ್ಟ್ ಬೆಂಡ್‌ಗೆ ಬರೋಣ. ಅಲ್ಲಿ ಪಟ್ಟೇಲರಿಗಿಂತ ಮೊದಲು, 2018ರಲ್ಲೇ, ಕೇರಳ ಮೂಲದ ಜೂಲಿ ಮ್ಯಾಥ್ಯೂ ಕೌಂಟಿ ನ್ಯಾಯಾಲಯಕ್ಕೆ ಆಯ್ಕೆಯಾಗಿದ್ದರು. 2022ರಲ್ಲಿ ಮತ್ತೆ ಗೆದ್ದು, ಎರಡನೇ ಅವಧಿಯ ಪ್ರಮಾಣವಚನವನ್ನು ಅವರು ಕಾಸರಗೋಡು ಜಿಲ್ಲೆಯ ಭೀಮನಡಿಯಲ್ಲಿರುವ ಗಂಡನ ಮನೆಯಿಂದ ಆನ್‌ಲೈನ್ ಮೂಲಕ ಸ್ವೀಕರಿಸಿದರು. ಒಂದೇ ಕೌಂಟಿಯ ಇಬ್ಬರು ನ್ಯಾಯಾಧೀಶರಿಗೆ ಒಂದೇ ಮಲೆನಾಡಿನ ಅಂಚಿನ ನಂಟು!

ಪಟ್ಟೇಲರ ಪ್ರಚಾರದ ಕಾಲದಲ್ಲಿ ಅವರ ಇಂಗ್ಲಿಷಿನ ಉಚ್ಚಾರವನ್ನು ಹೀಗಳೆದವರಿದ್ದರು ಎಂದು ಅವರೇ ಹೇಳಿದ್ದಾರೆ. ಇದು ನನಗೆ ನೋವಿನ ವಿಷಯ. ನಾಲಗೆಯ ಹೊರಳು ಅರ್ಹತೆಯೂ ಅಲ್ಲ, ಅನರ್ಹತೆಯೂ ಅಲ್ಲ. ಎದುರಿನವನ ಮಾತು ಅರೆಬರೆಯಾಗಿ ಬಂದಾಗ ತಾಳ್ಮೆಯಿಂದ ಕೇಳುವ ಕಿವಿ ಪೀಠಕ್ಕೆ ಬೇಕು. ಅರೆಬರೆ ಮಾತಿನ ಕಷ್ಟ ಉಂಡವನಿಗೆ ಆ ಕಿವಿ ಇರುವ ಸಂಭವ ಹೆಚ್ಚು. ಸಂಭವ ಎಂದೆ, ಖಾತರಿ ಎನ್ನಲಿಲ್ಲ. ಬಡತನದಿಂದ ಬಂದವರೆಲ್ಲ ಕರುಣಾಳು ನ್ಯಾಯಾಧೀಶರಾಗುವುದಿಲ್ಲ. ತಾನು ದಾಟಿ ಬಂದ ಹಾದಿಯನ್ನು ಉಳಿದವರೂ ದಾಟಲಿ ಎಂದು ಕಲ್ಲಾಗುವವರೂ ಇದ್ದಾರೆ. ಬೀಡಿ ಕಟ್ಟಿದ್ದನ್ನು ಒಂದು ಪದಕದಂತೆ ತೂಗುಹಾಕಿ ಅಷ್ಟಕ್ಕೇ ಮತ ಕೊಡಬಾರದು. ಕಟ್ಟಿದ ಮೇಲೆ, ಮೇಲೇರಿದ ಮೇಲೆ, ಕೆಳಗಿರುವವರೊಡನೆ ಅವನು ಹೇಗೆ ನಡೆದುಕೊಂಡ ಎಂಬುದು ಪ್ರಶ್ನೆ.

ಇನ್ನು ನಮ್ಮ ಕಡೆಗೆ. ಪಕ್ಷ ರಾಜಕಾರಣದಿಂದ ಬಂದವನು ನ್ಯಾಯಾಧೀಶನಾಗಬಹುದೇ ಎಂಬ ಪ್ರಶ್ನೆಗೆ ನಮ್ಮ ಕರಾವಳಿಯೇ ಒಂದು ಉತ್ತರ ಕೊಟ್ಟಿದೆ. ಕಾರ್ಕಳ ತಾಲ್ಲೂಕಿನ ಕೌಡೂರಿನ ಸದಾನಂದ ಹೆಗ್ಡೆಯವರು, ಕೆ. ಎಸ್. ಹೆಗ್ಡೆ, ದಕ್ಷಿಣ ಕನ್ನಡದಲ್ಲಿ ಸರ್ಕಾರಿ ವಕೀಲರಾಗಿದ್ದು, 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದವರು. 1957ರಲ್ಲಿ ಆ ಸ್ಥಾನ ಬಿಟ್ಟು ನೇರವಾಗಿ ಮೈಸೂರು ಹೈಕೋರ್ಟಿನ ಪೀಠಕ್ಕೆ ಬಂದರು, 1967ರಲ್ಲಿ ಸುಪ್ರೀಂ ಕೋರ್ಟಿಗೆ. ಇಂದು ಅಂಥ ನೇಮಕವಾದರೆ ನಾವೆಲ್ಲ ಅನುಮಾನಪಡುತ್ತೇವೆ. ಆದರೆ 1973ರ ಏಪ್ರಿಲ್ 24ರಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟುವಂತಿಲ್ಲವೆಂದ ಏಳು ಮಂದಿಯ ಬಹುಮತದಲ್ಲಿ ಹೆಗ್ಡೆಯವರಿದ್ದರು. ಅವರು ಹಿಂದೆ ಇದ್ದ ಪಕ್ಷದ ಕೇಂದ್ರ ಸರ್ಕಾರವೇ ಅಂದು ಎದುರು ನಿಂತು ವಾದಿಸಿತ್ತು. ಕೂಡಲೇ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದ ಹೆಗ್ಡೆ ಸ್ಪೀಕರ್ ಆದರು. ಹಿಂದಿನ ನಂಟು ಯಾವುದು ಎಂಬುದಷ್ಟೇ ಒಬ್ಬನನ್ನು ಅಳೆಯಲು ಸಾಲದು. ಆ ನಂಟಿನ ವಿರುದ್ಧ ತೀರ್ಪು ಕೊಡಬೇಕಾದ ದಿನ ಅವನ ಬೆನ್ನು ನೆಟ್ಟಗಿರುತ್ತದೆಯೇ ಎಂದು ಅವನ ಹಿಂದಿನ ನಡೆಯಲ್ಲಿ ಹುಡುಕಬೇಕು.

ನಮ್ಮ ಕೆಳ ನ್ಯಾಯಾಲಯಗಳಿಗೆ ಪರೀಕ್ಷೆಯ ಮೂಲಕ ನೇಮಕ. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಇಂಗ್ಲಿಷ್ ಅನುವಾದದ ಪತ್ರಿಕೆಯೂ ಇದೆ. ಅದು ಸರಿಯಾದ ಕ್ರಮ. ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ವಕೀಲಿಯ ಅನುಭವವಿಲ್ಲದ ಹೊಸ ಪದವೀಧರರಿಗೂ ಬಾಗಿಲು ತೆರೆಯಲಾಗಿತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿ ಕನಿಷ್ಠ ಮೂರು ವರ್ಷದ ವಕೀಲಿ ಬೇಕೆಂದಿತು. ನಾನು ಈ ತೀರ್ಪನ್ನು ಒಪ್ಪುತ್ತೇನೆ, ಒಂದು ಆತಂಕದೊಡನೆ. ಆ ಮೂರು ವರ್ಷ ಮನೆಯಿಂದ ಹಣ ತರಿಸಿಕೊಂಡು ಬದುಕಬಲ್ಲವರು ಯಾರು? ಬೀಡಿ ಕಟ್ಟುವ ಮನೆಯ ಹುಡುಗಿ ಸೀನಿಯರ್ ಕೊಡುವ ಬಸ್ ಚಾರ್ಜಿನಲ್ಲಿ ಮೂರು ವರ್ಷ ಕಳೆಯಲಾರಳು. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದೆ. ಈ ಸಭೆಯಲ್ಲಿರುವ ಹಿರಿಯ ವಕೀಲರು ಅದನ್ನು ಪಾಲಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಇಲ್ಲದಿದ್ದರೆ ಮುಂದಿನ ತಲೆಮಾರಿನ ಪೀಠ ಉಳ್ಳವರ ಪೀಠವಾಗುತ್ತದೆ.

ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ವಕೀಲರಿಂದ ನೇರವಾಗಿ ಬರಲು ಸಂವಿಧಾನದ 233ನೇ ವಿಧಿಯಂತೆ ಏಳು ವರ್ಷ, ಹೈಕೋರ್ಟಿಗೆ 217ನೇ ವಿಧಿಯಂತೆ ಹತ್ತು ವರ್ಷ. ಹೈಕೋರ್ಟ್, ಸುಪ್ರೀಂ ಕೋರ್ಟುಗಳ ಹೆಸರುಗಳನ್ನು ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಆರಿಸುತ್ತದೆ. 2015ರ ಅಕ್ಟೋಬರ್ 16ರಂದು, ಅದರ ಬದಲಿಗೆ ತಂದಿದ್ದ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿದ್ದರಿಂದ ಅದೇ ಪದ್ಧತಿ ಉಳಿದಿದೆ. ಸರ್ಕಾರದ ಕೈಯಿಂದ ನ್ಯಾಯಾಂಗ ದೂರವಿರಬೇಕೆಂಬ ಆ ಕಾಳಜಿ ಸರಿಯಾದದ್ದು. 1973 ಅದನ್ನು ನಮಗೆ ಕಲಿಸಿದೆ. ಆದರೆ ಸರ್ಕಾರದಿಂದ ದೂರವಿರುವುದೆಂದರೆ ಜನರ ಕಣ್ಣಿನಿಂದಲೂ ಮರೆಯಾಗಿರುವುದೆಂದಲ್ಲ. 2017ರಿಂದ ಕೊಲಿಜಿಯಂ ನಿರ್ಣಯಗಳು ಜಾಲತಾಣದಲ್ಲಿ ಬರುತ್ತಿವೆ. ಇವನೇ ಏಕೆ, ಇವನಲ್ಲಿ ಏನು ಕಂಡಿರಿ ಎಂಬ ಸಾಮಾನ್ಯನ ಪ್ರಶ್ನೆಗೆ ಮಾತ್ರ ಅಲ್ಲಿ ಪೂರ್ಣ ಉತ್ತರ ಸಿಗುವುದು ಅಪರೂಪ. ಟೆಕ್ಸಾಸ್‌ನ ಮತದಾರನಿಗೆ ತನ್ನ ಜಿಲ್ಲಾ ನ್ಯಾಯಾಧೀಶ ಹೋಟೆಲಿನಲ್ಲಿ ಕೋಣೆ ಗುಡಿಸಿದ್ದೂ ಗೊತ್ತು. ನಮಗೆ ನಮ್ಮ ಹೈಕೋರ್ಟ್ ನ್ಯಾಯಮೂರ್ತಿ ವಕೀಲರಾಗಿದ್ದಾಗ ಎಷ್ಟು ಬಡವರ ಕೇಸನ್ನು ಫೀಸಿಲ್ಲದೆ ಕೊನೆಯವರೆಗೆ ನಡೆಸಿದರೆಂದು ತಿಳಿಯುವ ದಾರಿಯೇ ಇಲ್ಲ. ಹೆಸರು ಪರಿಗಣನೆಗೆ ಬಂದಾಗ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲಿನಲ್ಲಿ ಅವರು ಮಾಡಿದ ಕೆಲಸದ ವಿವರ ಕೇಳಬೇಕು. ನೇಮಕವಾದ ಮೇಲೆ ಅದನ್ನು ಪ್ರಕಟಿಸಬೇಕು. ಇದರಿಂದ ಯಾರ ಸ್ವಾತಂತ್ರ್ಯಕ್ಕೂ ಚ್ಯುತಿ ಬರುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 153ಬಿ ಕಲಮಿನ ಪ್ರಕಾರ ವಿಚಾರಣೆ ನಡೆಯುವ ಜಾಗ ತೆರೆದ ನ್ಯಾಯಾಲಯ. ಜಾಗ ಹಿಡಿಸುವಷ್ಟು ಸಾರ್ವಜನಿಕರು ಅಲ್ಲಿ ಬಂದು ಕೂರಬಹುದು. ಕೂರಿ. ಸಾಕ್ಷಿ ಹೇಳಲು ಬಂದ ಮುದುಕಿಗೆ ಕುರ್ಚಿ ಕೊಡಿಸುವವರು ಯಾರು, ಕಾರಣವಿಲ್ಲದೆ ವಾಯಿದೆ ಕೇಳುವವರು ಯಾರು, ವಾಯಿದೆ ನಿರಾಕರಿಸುವ ಧೈರ್ಯ ಯಾರಿಗಿದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ನಾಳೆ ಪೀಠಕ್ಕೆ ಏರುವವರು ಇಂದು ಆ ಬಾರಿನಲ್ಲೇ ಕೂತಿದ್ದಾರೆ. ನಿಮ್ಮಲ್ಲಿ ವಕೀಲಿಗೆ ಇಳಿಯುವವರು ಮೊದಲ ವರ್ಷವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಫೀಸು ಕೊಡಲಾರದ ಒಬ್ಬ ಕಕ್ಷಿದಾರನ ಕೇಸನ್ನು ಕೈಗೆತ್ತಿಕೊಂಡು ತೀರ್ಪಿನವರೆಗೂ ನಡೆಸಿ.